ಬೇರಿಗೆ ಮಣ್ಣಿಲ್ಲದ ಹೂವು

ಪ್ರಶ್ನೆ: ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಕಾಫಿ ತೋಟದ ಮರಗಳಲ್ಲಿ ಸೀತಾಳೆ ದಂಡೆ ತೂಗುತ್ತದೆ. ಈಚೆಗೆ ಒಂದು ಪುಸ್ತಕದಲ್ಲಿ ಹಳೆಯ ಚೀನೀ ಚಿತ್ರವೊಂದನ್ನು ನೋಡಿದೆ. ಅದರಲ್ಲಿಯೂ ಮಣ್ಣಿಲ್ಲದ ಆರ್ಕಿಡ್ ಗಿಡವಿತ್ತು. ಅದು ರಾಜಕೀಯ ಚಿತ್ರವೆಂದು ಕೆಳಗೆ ಬರೆದಿದ್ದರು. ಹೂವಿನ ಚಿತ್ರಕ್ಕೂ ರಾಜಕೀಯಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನೀವು ನೋಡಿರುವುದು ಬಹುಶಃ ಜಂಗ್ ಸಿಷಿಯಾವ್ 1306ರಲ್ಲಿ ಬರೆದ ಮಸಿಚಿತ್ರದ ಪ್ರತಿ. ಅತ್ತಿತ್ತ ಬಾಗಿದ ಕೆಲವು ನೀಳ ಎಲೆಗಳು, ನಡುವೆ ಹೂವು. ನೆಲವೂ ಇಲ್ಲ, ಬೇರೂ ಇಲ್ಲ. ಕೊಡಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣದಿರುವುದು ಸಹಜ, ಏಕೆಂದರೆ ನಮ್ಮ ಸೀತಾಳೆ ಮರದ ತೊಗಟೆಯನ್ನು ಹಿಡಿದು ಗಾಳಿಯಲ್ಲೇ ಬೇರು ಚಾಚುತ್ತದೆ. ಚೀನೀ ಕಲಾವಿದರು ಮೆಚ್ಚಿ ಚಿತ್ರಿಸಿದ ಆರ್ಕಿಡ್ ಹಾಗಲ್ಲ. ಅದು ನೆಲದಲ್ಲಿ ಬೇರೂರುವ ಗಿಡವಾದ್ದರಿಂದ ಅಲ್ಲಿನವರ ಕಣ್ಣಿಗೆ ಮಣ್ಣಿಲ್ಲದಿರುವುದೇ ಮೊದಲು ಬೀಳುತ್ತದೆ. 1279ರಲ್ಲಿ ಸೊಂಗ್ ರಾಜವಂಶ ಮಂಗೋಲರಿಂದ ಪೂರ್ತಿಯಾಗಿ ಅಳಿಯಿತು. ಜಂಗ್ ಹೊಸ ಅರಸರ ಊಳಿಗಕ್ಕೆ ಸೇರಲಿಲ್ಲ. ಮಣ್ಣೆಲ್ಲಿ ಎಂದು ಕೇಳಿದವರಿಗೆ, ಅದನ್ನು ಪರಕೀಯರು ಕದ್ದೊಯ್ದರು ಎಂದು ಉತ್ತರಿಸಿದರೆಂಬ ಕಥೆ ಉಳಿದುಬಂದಿದೆ. ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ಜಾಗ ಕೈತಪ್ಪಿದ ಒಕ್ಕದ (ಮನೆತನದ) ಹಿರಿಯರೊಬ್ಬರ ಮಾತನ್ನು ಕೇಳಿದವರಿಗೆ ಈ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಚಿತ್ರ ಹುಟ್ಟಲು ಮುಖ್ಯ ಕಾರಣ ಅಲ್ಲಿನ ರಾಜ್ಯಾಡಳಿತದ ಕ್ರಮವೆಂಬುದು ನನ್ನ ಅಭಿಪ್ರಾಯ. ಸುಮಾರು 1300 ವರ್ಷಗಳ ಕಾಲ, 1905ರಲ್ಲಿ ರದ್ದಾಗುವವರೆಗೆ, ಚೀನಾದಲ್ಲಿ ದೊಡ್ಡ ಅಧಿಕಾರಕ್ಕೆ ಗೌರವದ ದಾರಿಯೆಂದರೆ ರಾಜಪರೀಕ್ಷೆ. ಕನ್‌ಫ್ಯೂಷಿಯಸನ ಪರಂಪರೆಯ ಗ್ರಂಥಗಳನ್ನು ಬಾಯಿಪಾಠ ಮಾಡಿ, ಕುಂಚ ಹಿಡಿದು ಪ್ರಬಂಧವನ್ನೂ ಅನೇಕ ಕಾಲಘಟ್ಟಗಳಲ್ಲಿ ಕವಿತೆಯನ್ನೂ ಬರೆಯಬೇಕಿತ್ತು. ಕೈಬರಹ ನೋಡಿಯೇ ಬರೆದವನನ್ನು ಗುರುತಿಸಿಬಿಡುತ್ತಾರೆಂದು, ಸೊಂಗ್ ಕಾಲದಲ್ಲಿ ಗುಮಾಸ್ತರು ಉತ್ತರಗಳನ್ನೆಲ್ಲ ನಕಲು ಮಾಡಿ ಆ ಪ್ರತಿಯನ್ನು ಪರೀಕ್ಷಕರಿಗೆ ಕೊಡುತ್ತಿದ್ದರು. ಹೀಗೆ ಆಯ್ಕೆಯಾದ ಅಧಿಕಾರಿಯೇ ಕವಿ, ಅವನೇ ಲಿಪಿಕಾರ, ಎಷ್ಟೋ ಬಾರಿ ಅವನೇ ಚಿತ್ರಕಾರ. ಕಂದಾಯದ ಕಡತಕ್ಕೂ ಬಿದಿರಿನ ಚಿತ್ರಕ್ಕೂ ಅವನು ಹಿಡಿಯುತ್ತಿದ್ದುದು ಕುಂಚವನ್ನೇ.

ಅರಸ ತಪ್ಪಿದರೆ ಎದುರು ನಿಂತು ಹೇಳುವುದು ಮಂತ್ರಿಯ ಧರ್ಮವೆಂದು ಆ ಗ್ರಂಥಗಳು ಕಲಿಸಿದ್ದವು. ನೇರವಾಗಿ ಹೇಳಿದರೆ ತಲೆ ಉಳಿಯುವ ಭರವಸೆಯಿರಲಿಲ್ಲ. ಆದ್ದರಿಂದ ಹೇಳಬೇಕಾದುದು ಹೂವು, ಬಿದಿರು, ಬೆಟ್ಟಗಳ ಮರೆಯನ್ನು ಸೇರಿತು. ಮರೆಯೂ ಎಲ್ಲ ಬಾರಿ ಕಾಯಲಿಲ್ಲ. 1079ರಲ್ಲಿ ಸು ಷಿ ಎಂಬ ಮಹಾಕವಿಯನ್ನು, ಅವನ ಕವಿತೆಗಳು ಸರ್ಕಾರದ ಹೊಸ ನೀತಿಗಳನ್ನು ಹಳಿಯುತ್ತವೆಂದು ಬಂಧಿಸಿ, ನೂರಕ್ಕೂ ಹೆಚ್ಚು ದಿನ ಸೆರೆಯಲ್ಲಿಟ್ಟು, ಹುವಾಂಗ್‌ಜೋ ಎಂಬ ಊರಿಗೆ ಗಡೀಪಾರು ಮಾಡಲಾಯಿತು. ಅಲ್ಲಿ ಅವನು ಪೂರ್ವದ ಇಳಿಜಾರಿನ ಪಾಳುಭೂಮಿಯಲ್ಲಿ ಬೇಸಾಯ ಮಾಡಿದ. 'ಪೂರ್ವದ ಇಳಿಜಾರು' ಎಂಬ ಅರ್ಥದ ದೊಂಗ್‌ಪೊ ಎಂಬ ಹೆಸರಿನಿಂದಲೇ ಚೀನೀಯರು ಇಂದಿಗೂ ಅವನನ್ನು ನೆನೆಯುತ್ತಾರೆ. ಅವನ ಅತ್ಯುತ್ತಮ ಬರಹಗಳಲ್ಲಿ ಕೆಲವು ಹುಟ್ಟಿದ್ದು ಅಲ್ಲಿಯೇ.

ಪ್ರಶ್ನೆ: ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಈ ಪರಂಪರೆ ನಿಂತುಹೋಯಿತೆ?
– ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ನಿಲ್ಲಲಿಲ್ಲ. ಮಿಂಗ್ ಕಾಲದ ಹೈ ರುಯಿ ಎಂಬ ಅಧಿಕಾರಿ 1566ರಲ್ಲಿ ಚಕ್ರವರ್ತಿಯ ತಪ್ಪುಗಳನ್ನು ಎತ್ತಿ ಹೇಳುವ ಪತ್ರ ಬರೆದು ಸೆರೆಮನೆ ಸೇರಿದ್ದ. ಇತಿಹಾಸಕಾರರೂ ಬೀಜಿಂಗ್‌ನ ಉಪಮೇಯರರೂ ಆಗಿದ್ದ ವೂ ಹಾನ್ ಅವನನ್ನು ಕುರಿತು ಬರೆದ ನಾಟಕ 1961ರಲ್ಲಿ ರಂಗಕ್ಕೆ ಬಂತು. ಇದು ಮಾವೋ ಅವರನ್ನೇ ಕುರಿತ ಟೀಕೆಯೆಂಬ ಆರೋಪ ಹಬ್ಬಿ, 1965ರ ನವೆಂಬರಿನಲ್ಲಿ ನಾಟಕವನ್ನು ಖಂಡಿಸುವ ಲೇಖನ ಪ್ರಕಟವಾಯಿತು; ಮರುವರ್ಷದ ಸಾಂಸ್ಕೃತಿಕ ಕ್ರಾಂತಿಗೆ ಅದೇ ಪೀಠಿಕೆ. ಹಳತನ್ನೆಲ್ಲ ಅಳಿಸಲು ಹೊರಟವರೂ ನಾಟಕವನ್ನು ಓದಿದ್ದು ಹಳೆಯ ಆಸ್ಥಾನದವರು ಕವಿತೆಯನ್ನು ಓದುತ್ತಿದ್ದ ಕ್ರಮದಲ್ಲಿಯೇ ಎಂಬುದನ್ನು ಗಮನಿಸಿ. ವೂ ಹಾನ್ 1969ರಲ್ಲಿ ಸೆರೆಯಲ್ಲಿ ತೀರಿಕೊಂಡರು.