ಬೇಕಾದಾಗ ಮಾತ್ರ ಏಳುವ ಕ್ಲಸ್ಟರ್

ಪ್ರಶ್ನೆ: ಸಕಲೇಶಪುರ ಭಾಗದ ಮಳೆ ಲೆಕ್ಕದ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಲ್ಯಾಬ್ ಕಂಪ್ಯೂಟರ್‌ಗಳು ಸಾಲುತ್ತಿಲ್ಲ. ಬೇಕಾದಾಗ ಹುಟ್ಟುವ ವರ್ಚುವಲ್ ಕ್ಲಸ್ಟರ್ ನಮಗೆ ಹೊಂದುತ್ತದಾ ಸಾರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಹೊಂದುತ್ತದೆ ಅಮ್ಮಾ. ವರ್ಚುವಲ್ ಕ್ಲಸ್ಟರ್ ಅಂದರೆ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದು ಒಟ್ಟಾಗಿ ದುಡಿಸುವ, ಸಾಫ್ಟ್‌ವೇರ್‌ನಲ್ಲೇ ರೂಪಿಸಿದ ಕಂಪ್ಯೂಟರ್‌ಗಳ ಗುಂಪು. ಹೋಬಳಿವಾರು, ವರ್ಷವಾರು ಲೆಕ್ಕ ಬೇರೆ ಬೇರೆಯಾಗಿ ಓಡುತ್ತದೆ ಅಲ್ವಾ? ಅಂಥ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಒಂದು ಲೆಕ್ಕ ಇನ್ನೊಂದರ ಉತ್ತರಕ್ಕೆ ಪದೇ ಪದೇ ಕಾಯುವಂತಿದ್ದರೆ ಮಾತ್ರ ನೆಟ್‌ವರ್ಕ್ ನಿಧಾನ ಕಾಡುತ್ತದೆ.

ಸ್ಲರ್ಮ್‌ನಂಥ ಶೆಡ್ಯೂಲರ್, ಅಂದರೆ ಕೆಲಸ ಹಂಚುವ ಸಾಫ್ಟ್‌ವೇರ್, ಕಾಯುತ್ತಿರುವ ಕೆಲಸಗಳ ಕ್ಯೂ ನೋಡುತ್ತಿರುತ್ತದೆ. ಕೆಲಸ ಬಿದ್ದರೆ, ಸಿದ್ಧ ಮಾಡಿಟ್ಟ ಇಮೇಜ್‌ನಿಂದ (ಆಪರೇಟಿಂಗ್ ಸಿಸ್ಟಂ, ಸಾಫ್ಟ್‌ವೇರ್ ಎಲ್ಲ ಸೇರಿದ ಡಿಸ್ಕ್ ಪ್ರತಿ) ಮೆಷಿನ್‌ಗಳನ್ನು ಎಬ್ಬಿಸುತ್ತದೆ. ಪ್ರತಿ ಮೆಷಿನ್ ತನ್ನ ಹೆಸರು, ಐಪಿ ವಿಳಾಸ ಪಡೆದು, ಕ್ಲಸ್ಟರ್ ನಡೆಸುವ ಮುಖ್ಯ ಮೆಷಿನ್ ಆದ ಹೆಡ್ ನೋಡ್ ಯಾವುದೆಂದು ತಿಳಿದು ಕ್ಲಸ್ಟರ್ ಸೇರುತ್ತದೆ. ಸ್ವಲ್ಪ ಹೊತ್ತು ಖಾಲಿ ಕೂತರೆ ಅದನ್ನು ತೆಗೆದುಹಾಕಲಾಗುತ್ತದೆ.

ಹಳೆಯ ಗ್ರಿಡ್‌ಗಳಲ್ಲಿ (ಹಲವು ಸಂಸ್ಥೆಗಳ ಕಂಪ್ಯೂಟರ್ ಜೋಡಿಸಿದ ಜಾಲ) ಬೇರೆ ಸಂಸ್ಥೆಯ ಮೆಷಿನ್‌ನಲ್ಲಿ ಏನಿದೆಯೋ ಅದಕ್ಕೆ ನಮ್ಮ ಪ್ರೋಗ್ರಾಂ ಒಗ್ಗಬೇಕಿತ್ತು. ಅದು ನಿಜವಾದ ತಲೆನೋವು. ಈಗ ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ (ಸಿದ್ಧ ಕೋಡ್) ಸಮೇತ ನಮ್ಮ ಇಮೇಜನ್ನೇ ಒಯ್ಯಬಹುದು. ನನಗೆ ಬಾಡಿಗೆ ಉಳಿತಾಯಕ್ಕಿಂತ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ಫಲಿತಾಂಶವನ್ನು ಮೆಷಿನ್‌ನ ಒಳಗಿನ ಡಿಸ್ಕ್‌ನಲ್ಲಿ ಬಿಡಬೇಡಿ, ಮೆಷಿನ್ ಜೊತೆ ಅದೂ ಹೋಗಬಹುದು. ಬೇರೆ ಸ್ಟೋರೇಜ್‌ಗೆ ಬರೆಸಿ. ಗರಿಷ್ಠ ಎಷ್ಟು ಮೆಷಿನ್ ಅಂತ ಮೊದಲೇ ಮಿತಿ ಹಾಕಿ. ಬಿಲ್ ಎಚ್ಚರಿಕೆಯನ್ನೂ ಇವತ್ತೇ ಹಾಕಿಕೊಳ್ಳಿ.