ಹೆಂಡತಿಗೆ ಸಂಬಳವೋ, ಪಾಲುದಾರಿಕೆಯೋ?

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ಸಾಗರದಲ್ಲಿ ಹನ್ನೊಂದು ವರ್ಷಗಳಿಂದ ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ ತಯಾರಿಸಿ ಅಂಗಡಿಗಳಿಗೆ ಕೊಡುತ್ತಿದ್ದೇವೆ. ತಯಾರಿಕೆ ಮತ್ತು ಕೆಲಸದವರ ಉಸ್ತುವಾರಿ ನನ್ನದು, ಸರಬರಾಜು ಮತ್ತು ವಸೂಲಿ ಅವರದು. ಜಿಎಸ್‌ಟಿ ನೋಂದಣಿ, ಬ್ಯಾಂಕ್ ಖಾತೆ ಎಲ್ಲವೂ ಅವರ ಹೆಸರಿನಲ್ಲಿವೆ. ವರ್ಷಕ್ಕೆ ಸುಮಾರು 20 ಲಕ್ಷ ರೂಪಾಯಿ ನಿವ್ವಳ ಲಾಭವಿದೆ. ನನಗೆ ತಿಂಗಳಿಗೆ 50,000 ರೂಪಾಯಿ ಸಂಬಳ ತೋರಿಸಿದರೆ ತೆರಿಗೆ ಇಳಿಯುತ್ತದೆ ಎಂದು ಒಬ್ಬರು, ಪಾಲುದಾರಿಕೆ ಮಾಡಿಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ಓದುಗರೊಬ್ಬರು, ಸಾಗರ

ಉತ್ತರ: ಸಂಬಳದ ಯೋಚನೆಯನ್ನು ಮೊದಲು ಕೈಬಿಡಿ. ಗಂಡನ ಉದ್ಯಮದಿಂದ ಹೆಂಡತಿ ಪಡೆಯುವ ಸಂಬಳವನ್ನು ಆದಾಯ ತೆರಿಗೆ ಕಾಯ್ದೆ ಗಂಡನ ಆದಾಯಕ್ಕೇ ಸೇರಿಸುತ್ತದೆ. ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು, ಆ ಜ್ಞಾನದ ಬಲದಿಂದಲೇ ಗಳಿಸಿದ ಸಂಬಳಕ್ಕೆ ಮಾತ್ರ ವಿನಾಯಿತಿ ಇದೆ. ಆಹಾರ ತಂತ್ರಜ್ಞಾನದ ಪದವಿ ಇದ್ದವರು ಇದನ್ನು ಸುಲಭವಾಗಿ ವಾದಿಸಬಹುದು. ಹದವರಿತ ಕೈ ಎಷ್ಟೇ ದೊಡ್ಡ ಅರ್ಹತೆಯಾದರೂ ತೆರಿಗೆ ಅಧಿಕಾರಿಯ ಮುಂದೆ ಅದನ್ನು ಸಾಬೀತುಪಡಿಸುವುದು ಕಷ್ಟ.

ಇನ್ನು ಪಾಲುದಾರಿಕೆ. 2025-26ನೇ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯಂತೆ, ಯಜಮಾನರಿಗೆ ಬೇರೆ ಆದಾಯವಿಲ್ಲವೆಂದುಕೊಂಡರೆ, 20 ಲಕ್ಷ ಲಾಭಕ್ಕೆ ಅವರು ಸೆಸ್ ಸೇರಿ 2,08,000 ರೂಪಾಯಿ ಕಟ್ಟಬೇಕು. ಪಾಲುದಾರಿಕೆ ಸಂಸ್ಥೆಯಾದರೆ ದುಡಿಯುವ ಪಾಲುದಾರರ ಸಂಭಾವನೆಯೆಂದು ಮೊದಲ 6 ಲಕ್ಷದಲ್ಲಿ ಶೇ 90, ಉಳಿದ 14 ಲಕ್ಷದಲ್ಲಿ ಶೇ 60, ಅಂದರೆ ಒಟ್ಟು 13.80 ಲಕ್ಷ ರೂಪಾಯಿಯನ್ನು ಲಾಭದಿಂದ ಕಳೆಯಬಹುದು. ಅದನ್ನು ಸಮನಾಗಿ ಹಂಚಿಕೊಂಡರೆ ತಲಾ 6.90 ಲಕ್ಷ, ಆದಾಯ 12 ಲಕ್ಷ ಮೀರದ ಕಾರಣ ಇಬ್ಬರಿಗೂ ತೆರಿಗೆ ಬಾರದು. ಆದರೆ ಸಂಸ್ಥೆಯಲ್ಲಿ ಉಳಿದ 6.20 ಲಕ್ಷಕ್ಕೆ ಶೇ 30ರ ತೆರಿಗೆ ಮತ್ತು ಸೆಸ್ ಸೇರಿ 1,93,440 ರೂಪಾಯಿ ಬೀಳುತ್ತದೆ. ಉಳಿತಾಯ ಕೇವಲ 14,560 ರೂಪಾಯಿ. ಪಾಲುದಾರಿಕೆ ಪತ್ರ ಬರೆಸಿ, ಮೂರು ರಿಟರ್ನ್ಸ್ ಸಲ್ಲಿಸುವ ಖರ್ಚಿಗೇ ಅದು ಹೋದೀತು. ಲಾಭ 12 ಲಕ್ಷಕ್ಕೆ ಇಳಿದರಂತೂ ಯಜಮಾನರೊಬ್ಬರ ಹೆಸರಿನಲ್ಲಿದ್ದಾಗ ತೆರಿಗೆಯೇ ಇಲ್ಲ, ಸಂಸ್ಥೆಗೆ 93,600 ರೂಪಾಯಿ. ಲಾಭ 40 ಲಕ್ಷವಾದಾಗ ಉಳಿತಾಯ 2 ಲಕ್ಷ ದಾಟುತ್ತದೆ.

ನೀವು ಹಾಕುವ ಬಂಡವಾಳಕ್ಕೆ ವರ್ಷಕ್ಕೆ ಶೇ 12ರವರೆಗಿನ ಬಡ್ಡಿಯನ್ನೂ ಕಳೆಯಬಹುದು. ಆದರೆ ಆ ಹಣ ಯಜಮಾನರು ಕೊಟ್ಟ ಉಡುಗೊರೆಯಾಗಿದ್ದರೆ ಬಡ್ಡಿ ಮತ್ತೆ ಅವರ ಆದಾಯಕ್ಕೇ ಸೇರುತ್ತದೆ. ತವರಿನವರು ಕೊಟ್ಟ ಚಿನ್ನವನ್ನು ಮಾರಿದ ಹಣವಾದರೆ ರಸೀದಿ ಇಟ್ಟುಕೊಳ್ಳಿ. ನೀವು ಈಗ ವಹಿವಾಟಿನ ನಿಗದಿತ ಶೇಕಡಾವಾರನ್ನೇ ಲಾಭವೆಂದು ತೋರಿಸುವ ಅಂದಾಜು ಲಾಭದ ಯೋಜನೆಯಲ್ಲಿದ್ದರೆ ಇನ್ನೊಂದು ಎಚ್ಚರ: ಆ ಯೋಜನೆಯಲ್ಲಿ ಪಾಲುದಾರರ ಸಂಭಾವನೆಯನ್ನು ಪ್ರತ್ಯೇಕವಾಗಿ ಕಳೆಯಲು ಬಿಡುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ವಹಿವಾಟು ಎಷ್ಟೇ ಇರಲಿ ಲೆಕ್ಕಪರಿಶೋಧನೆ ಕಡ್ಡಾಯವಾದ್ದರಿಂದ ನಿಮ್ಮ ಗಾತ್ರಕ್ಕೆ ಅದು ಬೇಡ.

ಆದರೂ ನಾನು ಪಾಲುದಾರಿಕೆಯನ್ನೇ ಸೂಚಿಸುತ್ತೇನೆ. ಅದಕ್ಕೆ ಕಾರಣ ತೆರಿಗೆಯಲ್ಲ. ಹನ್ನೊಂದು ವರ್ಷ ದುಡಿದ ಉದ್ಯಮದ ಒಂದು ಕಾಗದದಲ್ಲೂ ನಿಮ್ಮ ಹೆಸರಿಲ್ಲ. ಪಾಲುದಾರರಾದರೆ ಸಂಸ್ಥೆಯ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ ಎಂಬುದನ್ನು ಅರಿತೇ ಸಹಿ ಹಾಕಿ.

ಸಂಭಾವನೆಯ ಮೊತ್ತ ಅಥವಾ ಲೆಕ್ಕಹಾಕುವ ವಿಧಾನವನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ಪತ್ರದ ದಿನಾಂಕಕ್ಕೆ ಹಿಂದಿನ ಅವಧಿಗೆ ಅದನ್ನು ಒಪ್ಪುವುದಿಲ್ಲವಾದ್ದರಿಂದ ಏಪ್ರಿಲ್ 1ರಿಂದ ಆರಂಭಿಸುವುದು ಅನುಕೂಲ. ಸಂಭಾವನೆ ಮತ್ತು ಬಡ್ಡಿ ಸೇರಿ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಸಂಸ್ಥೆಯು ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕಡಿಯಬೇಕು, ಆಮೇಲೆ ನೀವಿಬ್ಬರೂ ರಿಟರ್ನ್ಸ್‌ನಲ್ಲಿ ಮರುಪಾವತಿ ಕೇಳಬೇಕಾಗುತ್ತದೆ. ಹೊಸ ಸಂಸ್ಥೆಗೆ ಹೊಸ ಪ್ಯಾನ್, ಅದರೊಂದಿಗೆ ಹೊಸ ಜಿಎಸ್‌ಟಿ ನೋಂದಣಿ ಮತ್ತು ಆಹಾರ ಪರವಾನಗಿಯ ಬದಲಾವಣೆಯೂ ಬೇಕು. ಆಹಾರ ಪರವಾನಗಿಯ ಸಂಖ್ಯೆ ಚಕ್ಕುಲಿ ಪೊಟ್ಟಣದ ಮೇಲೆ ಅಚ್ಚಾಗಿರುವುದರಿಂದ, ಈ ಕೆಲಸ ಮುಗಿಯುವವರೆಗೆ ವರ್ಷಕ್ಕಾಗುವಷ್ಟು ಕವರುಗಳನ್ನು ಮುದ್ರಿಸಲು ಕೊಡಬೇಡಿ.