ಲೀಮರ್‌ಗಳನ್ನು ಉಳಿಸಲು ಮೃಗಾಲಯ ಸಾಕಾಗದೇ?

ಪ್ರಶ್ನೆ: ಮಡಗಾಸ್ಕರ್‌ನ ಲೀಮರ್‌ಗಳು (ಕೋತಿಗಳ ದೂರದ ಬಂಧುಗಳಾದ ಪ್ರಾಣಿಗಳು) ಅಳಿವಿನ ಅಂಚಿನಲ್ಲಿವೆ ಎಂದು ಆಗಾಗ ಓದುತ್ತೇವೆ. ಆದರೆ ಉಂಗುರಬಾಲದ ಲೀಮರ್‌ಗಳು ಅನೇಕ ದೇಶಗಳ ಮೃಗಾಲಯಗಳಲ್ಲಿ ಮರಿ ಹಾಕಿಕೊಂಡು ಚೆನ್ನಾಗಿಯೇ ಇವೆ. ಉಳಿದ ಬಗೆಗಳನ್ನೂ ಹೀಗೆಯೇ ಸಾಕಿ ಉಳಿಸಿಕೊಳ್ಳಬಾರದೇಕೆ?

ಉತ್ತರ: ಉಂಗುರಬಾಲದ ಲೀಮರ್ ಸಾಕಣೆಗೆ ಸುಲಭವಾಗಿ ಒಗ್ಗುವ ಪ್ರಾಣಿ. ಅದೊಂದನ್ನೇ ನೋಡಿ ಉಳಿದ ನೂರರಷ್ಟು ಪ್ರಭೇದಗಳ ಬಗ್ಗೆ ತೀರ್ಮಾನಕ್ಕೆ ಬರಲಾಗದು. ಈಗ ಬದುಕಿರುವ ಲೀಮರ್‌ಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರುವ, ಬೆಳಗಿನ ಹೊತ್ತು ಕಾಡೆಲ್ಲ ಕೇಳುವಂತೆ ಹಾಡುವ ಇಂಡ್ರಿಯನ್ನು ಸೆರೆಯಲ್ಲಿ ಸಾಕುವ ಪ್ರಯತ್ನಗಳು ವಿಫಲವಾಗಿವೆ. ಆಗ್ನೇಯ ಮಡಗಾಸ್ಕರ್‌ನ ರಾನೊಮಫಾನ ಕಾಡಿನ ಹೊಂಬಣ್ಣದ ಬಿದಿರು ಲೀಮರ್, ಬೇರೆ ಪ್ರಾಣಿಗಳನ್ನು ಕೊಲ್ಲಬಲ್ಲಷ್ಟು ಸಯನೈಡ್ ಇರುವ ಕಳಲೆಯನ್ನು ದಿನವೂ ತಿಂದು ಅರಗಿಸಿಕೊಳ್ಳುತ್ತದೆ. ಇಂತಹ ಪ್ರಾಣಿಯ ಬದುಕನ್ನು ಅದರ ಕಾಡಿನಿಂದ ಬೇರ್ಪಡಿಸಿ ಯೋಚಿಸುವುದು ಕಷ್ಟ. ಕಾಡಿಗೂ ಅವು ಬೇಕು: ದೊಡ್ಡ ಬೀಜದ ಹಣ್ಣುಗಳನ್ನು ನುಂಗಿ ದೂರ ಒಯ್ದು ಹಾಕುವ ಕೆಲಸವನ್ನು ಅಲ್ಲಿ ಮುಖ್ಯವಾಗಿ ಮಾಡುವುದು ಲೀಮರ್‌ಗಳೇ.

ಸಾಕಿದ ಲೀಮರ್‌ಗಳನ್ನು ಮರಳಿ ಕಾಡಿಗೆ ಬಿಟ್ಟು ನೋಡಿದ್ದೂ ಉಂಟು. 1997ರಿಂದ 2001ರ ನಡುವೆ ಅಮೆರಿಕದಲ್ಲಿ ಸಾಕಿದ 13 ಕಪ್ಪು-ಬಿಳುಪು ರಫ್ಡ್ ಲೀಮರ್‌ಗಳನ್ನು ಮಡಗಾಸ್ಕರ್‌ನ ಬೆಟಾಂಪೊನ ಮೀಸಲು ಅರಣ್ಯಕ್ಕೆ ಬಿಡಲಾಯಿತು. ಅವುಗಳಲ್ಲಿ ಹಲವು, ಲೀಮರ್‌ಗಳನ್ನು ಬೇಟೆಯಾಡುವ ಫೋಸಾ ಎಂಬ ಪ್ರಾಣಿಗೆ ಬಲಿಯಾದವು. ಬದುಕುಳಿದ ಕೆಲವು ಕಾಡಿನ ಲೀಮರ್‌ಗಳೊಡನೆ ಸೇರಿ ಮರಿ ಮಾಡಿದವು. ಮೃಗಾಲಯವು ಆಪತ್ತಿಗೊದಗುವ ಆಸರೆ, ನಿಜ. ಆದರೆ ಬಿಡಲು ಕಾಡೇ ಇಲ್ಲದಿದ್ದರೆ ಆ ಆಸರೆಯಿಂದ ಪ್ರಯೋಜನವಿಲ್ಲ.

ಕಾಡು ಕರಗುತ್ತಿರುವುದೇ ನಿಜವಾದ ಸಂಕಟ. 2020ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಪ್ರಕಟಿಸಿದ ಪಟ್ಟಿಯಂತೆ 107 ಪ್ರಭೇದಗಳಲ್ಲಿ 103 ಅಪಾಯದಲ್ಲಿವೆ, ಅವುಗಳಲ್ಲಿ 33 ತೀರಾ ಗಂಭೀರ ಸ್ಥಿತಿಯಲ್ಲಿವೆ. ಕಾಡು ಕಡಿದು, ಸುಟ್ಟು, ಭತ್ತ ಬಿತ್ತಿ, ಕೆಲವೇ ಬೆಳೆಗಳಲ್ಲಿ ಮಣ್ಣು ಸೋತಾಗ ಇನ್ನೊಂದು ತುಂಡು ಕಾಡಿಗೆ ಹೋಗುವ ‘ತಾವಿ’ ಎಂಬ ಕುಮರಿ ಬೇಸಾಯ, ಇದ್ದಿಲಿನ ವ್ಯಾಪಾರ, ಮಾಂಸಕ್ಕಾಗಿ ನಡೆಯುವ ಬೇಟೆ, ಇವು ಮುಖ್ಯ ಕಾರಣಗಳು. 2009ರ ರಾಜಕೀಯ ಬಿಕ್ಕಟ್ಟಿನ ನಂತರ ಮಸೋಲ, ಮರೊಜೆಜಿ ರಾಷ್ಟ್ರೀಯ ಉದ್ಯಾನಗಳೊಳಗೇ ಬೀಟೆ ಜಾತಿಯ ಬೆಲೆಬಾಳುವ ಮರಗಳ ಕಳ್ಳಸಾಗಣೆ ನಡೆಯಿತು. ಆದ್ದರಿಂದ ತಪ್ಪನ್ನೆಲ್ಲ ಬಡ ರೈತನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಇಂಡ್ರಿಯನ್ನು ಪೂರ್ವಜರ ಬಂಧುವೆಂದು ನಂಬಿ, ಕೊಲ್ಲಬಾರದೆಂಬ ‘ಫಾಡಿ’ ಎಂಬ ನಿಷೇಧವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದವರೂ ಅದೇ ಹಳ್ಳಿಗರು. ಹಸಿವು ಹೆಚ್ಚಿದಲ್ಲಿ, ಈ ನಂಬಿಕೆಯಿಲ್ಲದವರು ವಲಸೆ ಬಂದು ನೆಲೆಸಿದಲ್ಲಿ ಆ ಕಟ್ಟುಪಾಡು ಸಡಿಲವಾಗಿದೆ.

ಭರವಸೆ ಹುಟ್ಟಿಸುವ ಕೆಲಸಗಳೂ ನಡೆದಿವೆ. 1986ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಪ್ಯಾಟ್ರಿಷಿಯಾ ರೈಟ್ ಅವರ ತಂಡಕ್ಕೆ ಹೊಂಬಣ್ಣದ ಬಿದಿರು ಲೀಮರ್ ಕಂಡದ್ದರಿಂದ ಮೊದಲಾದ ಪ್ರಯತ್ನವು 1991ರಲ್ಲಿ ರಾನೊಮಫಾನ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೆ ದಾರಿಯಾಯಿತು. ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ಅಂಬಲವಾವೊ ಪಟ್ಟಣದ ಬಳಿಯ ಆಂಜಾ ಮೀಸಲು ಕಾಡು. ಅಲ್ಲಿ ಹಳ್ಳಿಯವರ ಸಂಘವೇ ಚಿಕ್ಕದೊಂದು ಕಾಡನ್ನು ಕಾಯುತ್ತದೆ, ಉಂಗುರಬಾಲದ ಲೀಮರ್‌ಗಳನ್ನು ನೋಡಲು ಬರುವವರಿಗೆ ದಾರಿ ತೋರಿಸುತ್ತದೆ, ಬಂದ ಹಣವನ್ನು ಶಾಲೆ, ಸಸಿ ಬೆಳೆಸುವಿಕೆ ಮುಂತಾದ ಊರಿನ ಕೆಲಸಗಳಿಗೆ ಬಳಸುತ್ತದೆ; 2012ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯೂ ಬಂತು. ಆದರೆ 2020ರಲ್ಲಿ ಕೋವಿಡ್‌ನಿಂದ ಗಡಿಗಳು ಮುಚ್ಚಿದಾಗ ದೇಶದಾದ್ಯಂತ ಪ್ರವಾಸಿಗರ ಹಣ ನಿಂತಿತು. ಹಾಗಾಗಿ ಪ್ರವಾಸೋದ್ಯಮವನ್ನಷ್ಟೇ ನೆಚ್ಚದೆ, ಇರುವ ಗದ್ದೆಗಳಿಗೆ ನೀರಾವರಿ ಒದಗಿಸಿ ಇಳುವರಿ ಹೆಚ್ಚಿಸುವ, ಇದ್ದಿಲಿಗೆಂದೇ ಬೇಗ ಬೆಳೆಯುವ ಮರಗಳನ್ನು ಕಾಡಿನ ಹೊರಗೆ ನೆಡುವ ಕೆಲಸಗಳಿಗೂ ಅಷ್ಟೇ ಹಣ ಮತ್ತು ಗಮನ ಸಿಗಬೇಕು.